ಔಷಧಿ ಹೊಡೆಸಿದರೂ ಹುಳ ಹೋಗುತ್ತಿಲ್ಲವೇ? ಕರಾವಳಿಯ ನರ್ಸಿಂಗ್ ಹೋಮ್‌ಗಳಿಗೊಂದು ದೋಷ ಪತ್ತೆ ಕೈಪಿಡಿ

ಕಾರವಾರದಿಂದ ಅಂಕೋಲಾ ಕಡೆ ಬರುವ ಹೆದ್ದಾರಿಯ ಪಕ್ಕದ ಒಂದು ಹಿರಿಯರ ಆರೈಕೆ ಕೇಂದ್ರದಲ್ಲಿ ನಾನು ಉಸ್ತುವಾರಿ ನೋಡಿಕೊಳ್ಳುತ್ತೇನೆ. ಇಪ್ಪತ್ತೆರಡು ಹಾಸಿಗೆ, ಚಿರೆಕಲ್ಲಿನ ಹಳೆಯ ಕಟ್ಟಡ, ಮೇಲೆ ಮಂಗಳೂರು ಹಂಚು, ಹಿತ್ತಿಲಲ್ಲಿ ತೆಂಗು. ಕುಮಟಾ, ಹೊನ್ನಾವರ, ಶಿರಸಿ ಕಡೆಯ ಇಂಥದೇ ಮನೆಗಳವರು ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ತಿಂಗಳು ತಿಂಗಳು ಔಷಧಿ ಹೊಡೆಸ್ತಾ ಇದ್ದೇವೆ, ಆದ್ರೂ ಕಮ್ಮಿ ಆಗ್ತಾ ಇಲ್ಲ. ಇದಕ್ಕಿಂತ ಸ್ಟ್ರಾಂಗ್ ಔಷಧಿ ಯಾವ್ದಿದೆ?”

ನಾನು ಮರುಪ್ರಶ್ನೆ ಕೇಳುತ್ತೇನೆ: ಯಾವ ಹುಳ, ಹಿಡಿದು ನೋಡಿದ್ದೀರಾ? ಹೆಚ್ಚಿನವರು ಹಿಡಿದಿರುವುದಿಲ್ಲ. ಹೊಡೆದ ಮೇಲೂ ಕಾಟ ಉಳಿದಿದೆ ಎಂದರೆ ಬಹುಪಾಲು ಔಷಧಿಯ ಬಲ ಸಾಲದೆ ಅಲ್ಲ, ಗುರುತು ಹಿಡಿಯುವಲ್ಲಿ ತಪ್ಪಾಗಿ. ಮನೆಯಲ್ಲಾದರೆ ಈ ತಪ್ಪಿಗೆ ಒಂದಿಷ್ಟು ದುಡ್ಡು ಹೋಗುತ್ತದೆ ಅಷ್ಟೆ. ನಮ್ಮಲ್ಲಿ ಉಸಿರಾಟದ ತೊಂದರೆ ಇರುವವರು, ಎದ್ದು ಹೊರಗೆ ಹೋಗಲಾಗದವರು, ನೆಲಕ್ಕೆ ಬಿದ್ದದ್ದನ್ನು ಬಾಯಿಗೆ ಹಾಕಿಕೊಳ್ಳುವಷ್ಟು ಮರೆವು ಬಂದವರು ಮಲಗಿರುತ್ತಾರೆ. ಅವರ ನಡುವೆ ಗೊತ್ತುಗುರಿಯಿಲ್ಲದೆ ವಿಷ ಚೆಲ್ಲುವ ಹಕ್ಕು ನಮಗಿಲ್ಲ.

ಹಾಗಾಗಿ ಮೊದಲ ಕೆಲಸ ಹಿಡಿಯುವುದು. ಪಾರದರ್ಶಕ ಸೆಲ್ಲೋಟೇಪಿಗೆ ಹುಳವನ್ನು ಅಂಟಿಸಿ ಬಿಳಿ ಹಾಳೆಗೆ ಒತ್ತಿ. ಪಕ್ಕದಲ್ಲಿ ದಿನಾಂಕ, ಹೊತ್ತು, ಮಂಚದ ನಂಬರು ಬರೆಯಿರಿ. ಹುಳ ಸಿಗದಿದ್ದರೆ ಹಿಕ್ಕೆ, ಪೊರೆ, ಕಲೆ, ಏನು ಸಿಕ್ಕರೂ ಸರಿ. ನಮ್ಮಲ್ಲಿ ಇದಕ್ಕೆಂದೇ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ರಾತ್ರಿ ಪಾಳಿಯವರು ಹುಳದ ಪುಸ್ತಕ ಎನ್ನುತ್ತಾರೆ. ಮುಂದಿನದೆಲ್ಲ ಆ ಪುಸ್ತಕ ಕಲಿಸಿದ್ದು.

ಎಲ್ಲರಿಗೂ ತುರಿಕೆ, ಆದರೆ ಹುಳ ಕಾಣುತ್ತಿಲ್ಲ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ನಮ್ಮಲ್ಲೂ ಆಯಿತು.

ಒಂದು ಮಳೆಗಾಲ ಗಂಡಸರ ವಾರ್ಡಿನಲ್ಲಿ ಒಬ್ಬರಾದ ಮೇಲೆ ಒಬ್ಬರು ತುರಿಸಿಕೊಳ್ಳತೊಡಗಿದರು. ರಾತ್ರಿ ಜಾಸ್ತಿ. ತಿಗಣೆಯೇ ಇರಬೇಕು ಎಂದುಕೊಂಡು ಎರಡು ತಿಂಗಳಲ್ಲಿ ಮೂರು ಸಲ ಔಷಧಿ ಹೊಡೆಸಿದೆವು. ಪ್ರತಿ ಸಲವೂ ಒಂಬತ್ತು ಅಜ್ಜಂದಿರನ್ನು ಜಡಿಮಳೆಯಲ್ಲಿ ವರಾಂಡಕ್ಕೆ ಸಾಗಿಸಿ, ಸಂಜೆ ಮತ್ತೆ ಒಳಗೆ ತಂದು ಮಲಗಿಸಿದ್ದಾಯಿತು. ಅಷ್ಟೂ ದಿನ ಒಂದೇ ಒಂದು ತಿಗಣೆಯನ್ನು ಯಾರೂ ಕಂಡಿರಲಿಲ್ಲ. ನಾನು ಕೇಳಲಿಲ್ಲ, ಹೊಡೆಯಲು ಬಂದವರು ಹುಡುಕಲಿಲ್ಲ.

ಕೊನೆಗೆ ಮೈ ಒರೆಸುವ ಹುಡುಗ ತನ್ನ ಮಣಿಕಟ್ಟು ತೋರಿಸಿದ. ಪೆನ್ಸಿಲಿನಲ್ಲಿ ತೆಳ್ಳಗೆ ಗೀಚಿದಂತೆ ಬೂದು ಬಣ್ಣದ ಸಣ್ಣ ಸೊಟ್ಟ ಗೆರೆಗಳು. ಬೆರಳ ಸಂದಿಯಲ್ಲೂ ಅವೇ. ಅವನು ದಿನಾ ಎಣ್ಣೆ ಹಚ್ಚುತ್ತಿದ್ದುದು ಮೂಲೆಯ ಮಂಚದ ಅಜ್ಜನಿಗೆ. ಆ ಅಜ್ಜನ ಅಂಗೈ ದಪ್ಪಗಾಗಿ, ಹಳೆಯ ಸುಣ್ಣದ ಗೋಡೆಯ ಹಾಗೆ ಚಕ್ಕೆ ಚಕ್ಕೆ ಏಳುತ್ತಿತ್ತು. ವಯಸ್ಸಾದ ಚರ್ಮ, ಒಣಗಿದೆ ಎಂದುಕೊಂಡು ತೆಂಗಿನೆಣ್ಣೆ ಹಚ್ಚಿಸುತ್ತಿದ್ದೆ. ವಾರ್ಡಿನಲ್ಲಿ ತುರಿಸಿಕೊಳ್ಳದವರು ಅವರೊಬ್ಬರೇ. ಚರ್ಮದ ಡಾಕ್ಟರು ಆ ಚಕ್ಕೆಯನ್ನು ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನೂ ಕರೆದು ತೋರಿಸಿದರು. ದುಂಡನೆಯ, ಮೋಟು ಕಾಲಿನ ಹುಳಗಳು ಒಂದರ ಮೇಲೊಂದು.

ಅದು ಸ್ಕೇಬೀಸ್, ನಮ್ಮ ಮಾತಿನಲ್ಲಿ ತುರಿಕಜ್ಜಿ. ಸಾಮಾನ್ಯ ಕಜ್ಜಿಯಲ್ಲಿ ಒಬ್ಬರ ಮೈಮೇಲೆ ಹತ್ತು ಹದಿನೈದು ಹುಳ ಇರುತ್ತವೆ. ಹಣ್ಣಾದವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ಹೀಗೆ ಹಕ್ಕಳೆಗಟ್ಟಿದರೆ ಲೆಕ್ಕ ಸಾವಿರದಿಂದ ಲಕ್ಷಕ್ಕೆ ಏರುತ್ತದೆ, ತುರಿಕೆ ಮಾತ್ರ ಇಲ್ಲದೆಯೂ ಇರಬಹುದು. ಹಾಗಾಗಿ ವಾರ್ಡಿಗೆಲ್ಲ ತುರಿಕೆ ಎಂದಾದಾಗ ತುರಿಸಿಕೊಳ್ಳದವರ ಅಂಗೈ, ಅಂಗಾಲು, ಉಗುರಿನ ಬುಡವನ್ನೇ ಮೊದಲು ನೋಡಿ.

ಇದಕ್ಕೆ ಗೋಡೆಗೆ ಹೊಡೆಯುವ ಔಷಧಿ ನಯಾಪೈಸೆ ಕೆಲಸಕ್ಕೆ ಬರುವುದಿಲ್ಲ. ಹುಳ ಇರುವುದು ಚರ್ಮದೊಳಗೆ. ಡಾಕ್ಟರು ಹೇಳಿದಂತೆ ಶೇ. 5ರ ಪರ್ಮೆಥ್ರಿನ್ ಮುಲಾಮನ್ನು ವಾರ್ಡಿನವರಿಗೆಲ್ಲ, ಮೈ ಮುಟ್ಟುವ ಸಿಬ್ಬಂದಿಗೆಲ್ಲ, ಒಂದೇ ದಿನ ಹಚ್ಚಬೇಕು. ವಾರ ಬಿಟ್ಟು ಮತ್ತೊಮ್ಮೆ. ಹಕ್ಕಳೆಗಟ್ಟಿದವರಿಗೆ ನುಂಗುವ ಮಾತ್ರೆಯನ್ನೂ ಡಾಕ್ಟರು ಬರೆಯುತ್ತಾರೆ. ತುರಿಕೆ ಇಲ್ಲದವರನ್ನು ಬಿಟ್ಟರೆ ಎಲ್ಲ ವ್ಯರ್ಥ, ಏಕೆಂದರೆ ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಅಷ್ಟರೊಳಗೆ ಅವರು ಇನ್ನೊಬ್ಬರಿಗೆ ದಾಟಿಸಿರುತ್ತಾರೆ. ಅದೇ ದಿನ ಹೊದಿಕೆ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ, ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ವಾರವಿಡೀ ಕಟ್ಟಿಡಿ. ಹುಳವೆಲ್ಲ ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಉಳಿಯುತ್ತದೆ. ಅದನ್ನು ಕಂಡು ಗಾಬರಿಯಾಗಿ ಮತ್ತೆ ಸ್ಪ್ರೇಯವರನ್ನು ಕರೆಯಬೇಡಿ.

ಹಾಗಾದರೆ ಕಜ್ಜಿಯೋ ತಿಗಣೆಯೋ? ತಿಗಣೆ ಹೊದಿಕೆಯಿಂದ ಹೊರಗಿರುವ ಮೈಯನ್ನು ಕಚ್ಚುತ್ತದೆ: ತೋಳು, ಕುತ್ತಿಗೆ, ಮುಖ, ಕೆಲವೊಮ್ಮೆ ಮೂರು ನಾಲ್ಕು ಗುಳ್ಳೆ ಸಾಲಾಗಿ. ಕಜ್ಜಿ ಮಡಿಕೆಗಳನ್ನು ಹುಡುಕುತ್ತದೆ: ಬೆರಳ ಸಂದಿ, ಮಣಿಕಟ್ಟು, ಕಂಕುಳು, ಪಂಚೆ ಕಟ್ಟುವ ಸೊಂಟದ ಗೆರೆ, ಹೆಂಗಸರಲ್ಲಿ ಎದೆಯ ಕೆಳಗೆ. ಆದರೆ ಒಂದು ಎಚ್ಚರ. ವಯಸ್ಸಾದವರ ಚರ್ಮ ಎಷ್ಟೋ ಸಲ ತಿಗಣೆ ಕಡಿತಕ್ಕೆ ಪ್ರತಿಕ್ರಿಯೆಯನ್ನೇ ತೋರಿಸುವುದಿಲ್ಲ. ಗುಳ್ಳೆ ಇಲ್ಲ ಎಂದ ಮಾತ್ರಕ್ಕೆ ತಿಗಣೆ ಇಲ್ಲ ಎನ್ನಲಾಗದು. ಅದಕ್ಕೇ ಮೈಯನ್ನಷ್ಟೇ ನೋಡದೆ ಮಂಚವನ್ನೂ ನೋಡಬೇಕು.

ಕಿಟಕಿಯ ಪಕ್ಕದ ಒಂದೇ ಮಂಚದವರಿಗೆ ತುರಿಕೆಯಾದರೆ ಕಿಟಕಿಯ ಮೇಲೆ ಪಾರಿವಾಳದ ಗೂಡಿದೆಯೇ ನೋಡಿ. ಮರಿ ಹಾರಿಹೋದ ಮೇಲೆ ಗೂಡಿನ ಉಣ್ಣೆನುಸಿ ಆಹಾರ ಹುಡುಕಿ ಒಳಗೆ ಬರುತ್ತದೆ. ಗೂಡು ತೆಗೆದರೆ ಮುಗಿಯಿತು. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದಾಗ ಕುತ್ತಿಗೆಯ ಮೇಲೆ ಸುಟ್ಟ ಬರೆಯಂಥ ಉದ್ದನೆಯ ಗೆರೆ ಇದ್ದರೆ ಅದು ಕಡಿತವೇ ಅಲ್ಲ. ಟ್ಯೂಬ್‌ಲೈಟಿಗೆ ಬರುವ ಕೆಂಪು-ಕಪ್ಪು ಪಟ್ಟೆಯ ಸಪೂರ ಜೀರುಂಡೆಯನ್ನು ನಿದ್ದೆಯಲ್ಲಿ ಒರೆಸಿದಾಗ ಅದರ ರಸ ತಾಗಿ ಆದ ಗಾಯ. ಸೋಪಿನಲ್ಲಿ ತೊಳೆಯಿರಿ, ರಾತ್ರಿ ಮಂಚದ ನೇರ ಮೇಲಿನ ದೀಪ ಆರಿಸಿ.

“ಮೈಮೇಲೆ ಇರುವೆ ಹರೀತಾ ಇದೆ” ಎಂದು ಅಜ್ಜಿ ಗೋಗರೆದಾಗ ಭ್ರಮೆ ಎಂದು ತಳ್ಳಿಹಾಕಬೇಡಿ. ಜ್ವರ, ಮೂತ್ರದ ಸೋಂಕು, ಹೊಸ ಮಾತ್ರೆ ಇವುಗಳಿಂದ ಅಂಥ ಭ್ರಮೆ ಬರುವುದು ನಿಜ. ಆದರೂ ಮೊದಲು ಹೊದಿಕೆ ಕೊಡವಿ ನೋಡಿ. ಎರಡು ಸಲ ನಮ್ಮಲ್ಲಿ ಇರುವೆ ನಿಜವಾಗಿಯೂ ಇತ್ತು.

ತಿಗಣೆಯ ಗುರುತು

ಬಲಿತ ತಿಗಣೆ ಮಸೂರ ಬೇಳೆಯಷ್ಟಿರುತ್ತದೆ. ಅದು ಸಿಗದಿದ್ದರೂ ಅದರ ಕಲೆ ಸಿಗುತ್ತದೆ. ಹಾಸಿಗೆಯ ಹೊಲಿಗೆ, ಕಬ್ಬಿಣದ ಮಂಚದ ಪೈಪಿನ ರಬ್ಬರ್ ಮುಚ್ಚಳ, ಗಾಲಿಕುರ್ಚಿಯ ಸೀಟಿನ ಮಡಿಕೆ, ದೇವರ ಫೋಟೋದ ಹಿಂದೆ, ಗಿಲಾವು ಬಿಟ್ಟ ಚಿರೆಕಲ್ಲಿನ ತೂತು. ಇಲ್ಲೆಲ್ಲ ಕಪ್ಪು ಚುಕ್ಕೆ ಕಂಡರೆ ಒದ್ದೆ ಹತ್ತಿಯಿಂದ ಒರೆಸಿ. ತುಕ್ಕಿನ ಬಣ್ಣಕ್ಕೆ ಹರಡಿದರೆ ಅದು ಜೀರ್ಣವಾದ ರಕ್ತ. ಗೋಡೆಯ ಬೂಷ್ಟು ಹಾಗೆ ಹರಡುವುದಿಲ್ಲ.

ಸಂಶಯ ಉಳಿದರೆ ಬಟ್ಟಲು ಪರೀಕ್ಷೆ ಮಾಡಿ. ಮಂಚದ ಪ್ರತಿ ಕಾಲಿನ ಕೆಳಗೂ ದೊಡ್ಡ ಪ್ಲಾಸ್ಟಿಕ್ ಬಟ್ಟಲು, ಅದರೊಳಗೆ ಚಿಕ್ಕದೊಂದು, ಚಿಕ್ಕದರಲ್ಲಿ ಮಂಚದ ಕಾಲು. ಎರಡರ ಒಳಮೈಗೂ ತೆಳ್ಳಗೆ ಟಾಲ್ಕಂ ಪೌಡರು ಸವರಿ. ನುಣುಪಾದ ಗೋಡೆಯನ್ನು ತಿಗಣೆ ಹತ್ತಲಾರದು, ಹೊರಮೈ ಮಾತ್ರ ಒರಟಾಗಿರಲಿ. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಹೊದಿಕೆ ನೆಲಕ್ಕೆ ತಾಗದಂತೆ ನೋಡಿಕೊಳ್ಳಿ. ಏಳು ರಾತ್ರಿ ಬಿಡಿ. ಹೊರಗಿನ ಬಟ್ಟಲಿನಲ್ಲಿ ಬಿದ್ದಿದ್ದರೆ ತಿಗಣೆ ಕೋಣೆಯಿಂದ ಮಂಚಕ್ಕೆ ಹೊರಟದ್ದು, ಒಳಗಿನದರಲ್ಲಿ ಬಿದ್ದಿದ್ದರೆ ಮಂಚದಿಂದ ಇಳಿದದ್ದು. ಎಲ್ಲಿ ಕೆಲಸ ಮಾಡಬೇಕೆಂದು ಇಷ್ಟರಲ್ಲೇ ತಿಳಿಯುತ್ತದೆ.

ನಿವಾರಣೆಗೆ ನಾನು ಮೊದಲು ನಂಬುವುದು ಬಿಸಿಯನ್ನು. 50 ಡಿಗ್ರಿ ದಾಟಿದ ಬಿಸಿ ಮೊಟ್ಟೆಯ ತನಕ ಎಲ್ಲವನ್ನೂ ಕೊಲ್ಲುತ್ತದೆ, ಆದರೆ ಅದು ಒಳಗಿನ ಪದರಕ್ಕೂ ತಲುಪಬೇಕು. ಬಟ್ಟೆಯನ್ನು 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಮಂಚವನ್ನು ಅಂಗಳಕ್ಕೆ ತಂದು ಪೈಪಿನೊಳಗೆ ಕುದಿನೀರು ಸುರಿಯಿರಿ. ಹಾಸಿಗೆಯ ಹೊಲಿಗೆಗೆ ಸ್ಟೀಮರ್ ಹಿಡಿದು ನಿಧಾನ ಸಾಗಿ, ಬಳಿಕ ಜಿಪ್ ಇರುವ ಪೂರ್ತಿ ಕವಚ ತೊಡಿಸಿ. ಗೋಡೆಯ ತೂತಿಗೆ ಸಿಮೆಂಟು. ಔಷಧಿ ಬೇಕೇ ಆದರೆ ಬಿರುಕು, ಸಂದಿಗಷ್ಟೇ. ಮೊಟ್ಟೆ ಒಡೆಯಲು ಒಂದೆರಡು ವಾರ ಬೇಕಾದ್ದರಿಂದ ಹದಿನಾಲ್ಕು ದಿನ ಬಿಟ್ಟು ಇನ್ನೊಂದು ಸಲ ಮಾಡದಿದ್ದರೆ ಮೊದಲನೆಯದೂ ದಂಡ. ಪೈರೆಥ್ರಾಯ್ಡ್ ಗುಂಪಿನ ಔಷಧಿಗಳಿಗೆ ತಿಗಣೆಗಳು ಬಹಳ ಕಡೆ ಒಗ್ಗಿಹೋಗಿವೆ, ಅದನ್ನೇ ಮತ್ತೆ ಮತ್ತೆ ಹೊಡೆಯುವುದರಲ್ಲಿ ಅರ್ಥವಿಲ್ಲ. ಸೀಮೆಎಣ್ಣೆ ಸವರುವ ಹಳೆಯ ಪದ್ಧತಿ ಮಾತ್ರ ಖಂಡಿತ ಬೇಡ. ಆಮ್ಲಜನಕದ ಸಿಲಿಂಡರ್ ಇರುವ ಕೋಣೆ ಅದು.

ಹೊಡೆದಷ್ಟೂ ಹೆಚ್ಚುವ ಇರುವೆ

ಕಟ್ಟಿರುವೆ, ಗೊದ್ದ, ಚಗಳಿ ಬಂದರೆ ಹೆದರಬೇಕಿಲ್ಲ. ಅವು ಹೊರಗಿನವು, ದಾರಿ ಮುಚ್ಚಿದರೆ ಹೋಗುತ್ತವೆ. ಆಸ್ಪತ್ರೆಯನ್ನು ಕಾಡುವುದು ಇನ್ನೊಂದು. ಎರಡು ಮಿಲಿಮೀಟರಿನ, ನಸುಹಳದಿ ಬಣ್ಣದ, ಹೊಟ್ಟೆಯ ತುದಿ ಮಾತ್ರ ಕಪ್ಪಾದ ಇರುವೆ. ಫೇರೋ ಇರುವೆ ಎಂದು ಹೆಸರು. ತಲೆ ಕಪ್ಪಗಿದ್ದು ಉಳಿದ ಮೈ ಬಿಳಿಚಿಕೊಂಡ ಇನ್ನೊಂದು ಜಾತಿಯದೂ ಇದೇ ಸ್ವಭಾವ. ಇವುಗಳ ಗೂಡಿನಲ್ಲಿ ಒಂದಲ್ಲ, ಬಹಳ ರಾಣಿಯರಿರುತ್ತವೆ. ಸ್ಪ್ರೇ ಬಿದ್ದ ಕೂಡಲೇ ಗೂಡು ಒಡೆದು, ಒಂದೊಂದು ಗುಂಪು ಒಂದೊಂದು ರಾಣಿಯನ್ನು ಕರೆದುಕೊಂಡು ಬೇರೆ ಬೇರೆ ಗೋಡೆ ಸೇರುತ್ತದೆ. ಹೊಡೆದ ವಾರದಲ್ಲಿ ಒಂದು ಕೋಣೆಯ ಇರುವೆ ನಾಲ್ಕು ಕೋಣೆಗೆ ಹರಡಿದ್ದರೆ ಔಷಧಿ ನಕಲಿ ಎಂದು ಜಗಳ ತೆಗೆಯಬೇಡಿ. ಔಷಧಿ ಅಸಲಿಯೇ ಇದ್ದೀತು, ವಿಧಾನ ತಪ್ಪು.

ಇವು ಗ್ಲೂಕೋಸ್ ಡ್ರಿಪ್ಪಿನ ಟೇಪಿನಡಿಗೆ, ಮೂಗಿನ ಕೊಳವೆಯ ಬಾಯಿಗೆ, ಬೆನ್ನುಹುಣ್ಣಿನ ಬ್ಯಾಂಡೇಜಿನೊಳಕ್ಕೆ ನುಗ್ಗುತ್ತವೆ; ಮೈಮೇಲೆ ರೋಗಾಣು ಹೊತ್ತು ತಿರುಗುತ್ತವೆ. ಮಾತಾಡಲಾಗದ ರೋಗಿಯ ಬ್ಯಾಂಡೇಜು ಬಿಚ್ಚಿದಾಗ ಇರುವೆ ಕಂಡ ಬೆಳಗನ್ನು ನಾನು ಮರೆತಿಲ್ಲ.

ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ಹೊರಡಿ. ಪೋಸ್ಟ್ ಕಾರ್ಡಿನಷ್ಟಗಲದ ರಟ್ಟಿನ ಮೇಲೆ ಮೂರು ಚುಕ್ಕೆ ಇಡಿ: ಬೆಲ್ಲ, ಕೊಬ್ಬರಿ ತುರಿ, ಒಣಮೀನಿನ ಚೂರು. ಅರ್ಧ ಗಂಟೆಯಲ್ಲಿ ಯಾವುದಕ್ಕೆ ಮುತ್ತಿವೆ ನೋಡಿ, ಸಾಲು ಎಲ್ಲಿಗೆ ಹೋಗುತ್ತದೆ ಹಿಂಬಾಲಿಸಿ. ನಮ್ಮಲ್ಲಿ ಸ್ವಿಚ್‌ಬೋರ್ಡಿನ ಪೈಪಿನೊಳಗೆ ಹೋಗುತ್ತಿತ್ತು. ಬೆಲ್ಲಕ್ಕೆ ಬಂದರೆ ನೂರು ಮಿಲಿಲೀಟರ್ ಬೆಚ್ಚನೆ ನೀರಿಗೆ ಹತ್ತು ಗ್ರಾಂ ಸಕ್ಕರೆ, ಒಂದೇ ಗ್ರಾಂ ಬೋರಿಕ್ ಪುಡಿ. ಕ್ಯಾರಂ ಬೋರ್ಡಿಗೆ ಉದುರಿಸುವ ಪುಡಿ ಇದೇ ಎಂದು ಕೈಯಳತೆಯಲ್ಲಿ ಜಾಸ್ತಿ ಹಾಕಬೇಡಿ. ಇರುವೆ ದಾರಿಯಲ್ಲೇ ಸತ್ತರೆ ರಾಣಿಗೆ ಮುಟ್ಟುವುದಿಲ್ಲ. ನಿಧಾನವಾಗಿ ಸಾಯಬೇಕು, ಗೂಡಿಗೆ ಉಣಿಸಿ ಸಾಯಬೇಕು. ಹತ್ತಿಯಲ್ಲಿ ಅದ್ದಿ, ತೂತು ಕೊರೆದ ಮುಚ್ಚಳದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ರೋಗಿಗಳ ಕೈಗೆ ಸಿಗದ ಎತ್ತರದಲ್ಲಿ ಸಾಲಿನ ಪಕ್ಕ ಅಂಟಿಸಿ. ಎರಡು ಮೂರು ದಿನಕ್ಕೊಮ್ಮೆ ಬದಲಿಸಿ. ಮೊದಲ ದಿನ ಇರುವೆ ಮುತ್ತುವುದನ್ನು ಕಂಡು ಸಿಬ್ಬಂದಿ ಕೈಗೆ ಸ್ಪ್ರೇ ಡಬ್ಬಿ ಎತ್ತಿಕೊಳ್ಳುತ್ತಾರೆ. ತಡೆಯಿರಿ. ನಮಗೆ ಐದು ವಾರ ಹಿಡಿಯಿತು.

ಒಬ್ಬರದೇ ಮೂತ್ರದ ಪಾತ್ರೆಗೆ, ಒಬ್ಬರದೇ ಒದ್ದೆ ಚಾದರಕ್ಕೆ ಇರುವೆ ಸೇರುತ್ತಿದ್ದರೆ ಅದನ್ನು ನರ್ಸಿಗೆ ಹೇಳಿ, ಸಕ್ಕರೆ ಪರೀಕ್ಷೆ ಮಾಡಿಸಿ. ಮಧುಮೇಹ ಎಂಬ ಹೆಸರಿನಲ್ಲೇ ಆ ಸೂಚನೆ ಇದೆ. ಡಾಪಾಗ್ಲಿಫ್ಲೋಜಿನ್‌ನಂಥ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಹತೋಟಿಯಲ್ಲಿದ್ದರೂ ಮೂತ್ರದಲ್ಲಿ ಹೋಗುತ್ತದೆ, ಅದು ಮಾತ್ರೆಯ ಕೆಲಸವೇ.

ಜಿರಲೆ ದೊಡ್ಡದೋ, ಚಿಕ್ಕದೋ

ಹೆಬ್ಬೆರಳಿನ ಉದ್ದದ ಕೆಂಗಂದು ಜಿರಲೆ ಗಟಾರದಿಂದ ಬರುವಂಥದು. ಅದು ಕಂಡರೆ ಅಡುಗೆಮನೆ ಬಿಟ್ಟು ಬಚ್ಚಲು ನೋಡಿ. ಬಳಸದೆ ಬಿಟ್ಟ ಕೋಣೆಯ ಬಚ್ಚಲಿನ ನೆಲದ ಜಾಲರಿಯೊಳಗೆ ನಿಂತಿರಬೇಕಾದ ನೀರು ಆರಿಹೋಗಿರುತ್ತದೆ, ಗಟಾರದ ಬಾಗಿಲು ತೆರೆದಂತೆ. ವಾರಕ್ಕೊಂದು ತಂಬಿಗೆ ನೀರು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹೊಯ್ದರೆ ಬೇಗ ಆರುವುದಿಲ್ಲ. ಎಷ್ಟೋ ಕಡೆ ಇಷ್ಟೇ ದೋಷ.

ಒಂದೂವರೆ ಸೆಂಟಿಮೀಟರಿನ, ಕುತ್ತಿಗೆಯ ಮೇಲೆ ಎರಡು ಕಪ್ಪು ಪಟ್ಟೆಯ ಚಿಕ್ಕ ಜಿರಲೆ ಒಳಗೇ ಸಂಸಾರ ಹೂಡುವಂಥದು. ಒಂದು ಮೊಟ್ಟೆಚೀಲದಲ್ಲಿ ಮೂವತ್ತಕ್ಕೂ ಹೆಚ್ಚು ಮರಿ. ಬೆಚ್ಚಗಿರುವ ಕಡೆ ಹುಡುಕಿ: ಫ್ರಿಜ್ಜಿನ ಮೋಟಾರು, ಆಕ್ಸಿಜನ್ ಕಾನ್ಸಂಟ್ರೇಟರ್, ನೆಬ್ಯುಲೈಜರ್ ಪೆಟ್ಟಿಗೆ, ಟೀವಿಯ ಬೆನ್ನು. ಇದಕ್ಕೆ ಜೆಲ್ ಚುಕ್ಕೆ ಸರಿ, ಸಾಸಿವೆಗಿಂತ ತುಸು ದೊಡ್ಡದು, ಹತ್ತಿರ ಹತ್ತಿರ. ಜೆಲ್ ಇಟ್ಟ ಜಾಗಕ್ಕೆ ಫಿನಾಯಿಲ್ ಒರೆಸಿದರೆ, ಸ್ಪ್ರೇ ಹೊಡೆದರೆ ಜಿರಲೆ ಅದರ ಹತ್ತಿರ ಸುಳಿಯುವುದಿಲ್ಲ. ಜೆಲ್ ಹಾಕಿಸಿಯೂ ಕಮ್ಮಿಯಾಗಿಲ್ಲ ಎಂದವರ ಮನೆಯಲ್ಲಿ ನಾನು ಕಂಡ ಕಾರಣ ಹೆಚ್ಚಾಗಿ ಇದೇ.

ಮಾಡಿನಲ್ಲಿ ಸದ್ದು

ಮಳೆ ಹಿಡಿದ ಮೊದಲ ವಾರಗಳಲ್ಲಿ ಬಿಲಗಳಿಗೆ ನೀರು ನುಗ್ಗಿ ಇಲಿ, ಹೆಗ್ಗಣ ಒಳಗೆ ಬರುತ್ತವೆ. ಹಿಕ್ಕೆ ನೋಡಿ. ಅಕ್ಕಿಕಾಳಿನಷ್ಟಿದ್ದರೆ ಚಿಕ್ಕಿಲಿ, ಒಂದು ಸೆಂಟಿಮೀಟರು ದಾಟಿದರೆ ದೊಡ್ಡ ಇಲಿ. ತುದಿಯಲ್ಲಿ ಬಿಳಿ ಇದ್ದರೆ ಬರಿಯ ಹಲ್ಲಿ. ಉಜ್ಜಿದಾಗ ಪುಡಿಯಾಗಿ ಹುಳದ ರೆಕ್ಕೆಯಂತೆ ಹೊಳೆದರೆ ಬಾವಲಿ. ಗೋಡೆಯಂಚಿನಲ್ಲೇ ಚೀಂಗುಡುತ್ತ ಓಡುವ, ಕೆಟ್ಟ ವಾಸನೆಯ ಸೊಂಡಿಲಿ ಇಲಿಯ ಜಾತಿಯೇ ಅಲ್ಲ. ಕಾಳಿನ ವಿಷ ಅದಕ್ಕೆ ಬೇಡ, ಅದು ತಿನ್ನುವುದು ಜಿರಲೆ. ಅದು ಬಂದಿದೆ ಎಂದರೆ ಜಿರಲೆ ಪುಟಕ್ಕೆ ಹಿಂತಿರುಗಿ.

ಪೆನ್ಸಿಲು ತೂರುವಷ್ಟು ಸಂದಿಯಲ್ಲಿ ಚಿಕ್ಕಿಲಿ ತೂರುತ್ತದೆ. ಸ್ಟೀಲ್ ವೂಲ್ ತುರುಕಿ ಸಿಮೆಂಟು ಮೆತ್ತಿ, ಮಾಡಿಗೆ ತಾಗುವ ಕೊಂಬೆ ಕಡಿಸಿ, ಒಣಮೀನು, ತೆಂಗಿನಕಾಯಿಯನ್ನು ಮುಚ್ಚಳದ ಡಬ್ಬಕ್ಕೆ ಹಾಕಿ. ಒಳಗಿರುವುದಕ್ಕೆ ಬೋನು. ಬ್ರೊಮಾಡಿಯೊಲೋನ್ ಎಂಬ ಇಲಿವಿಷ ತಿಂದ ಇಲಿ ಸಾಯಲು ಮೂರು ದಿನದಿಂದ ವಾರ ಬೇಕು, ಸಾಯುವುದು ಹಂಚಿನ ಕೆಳಗೆ. ಆ ವಾಸನೆಯಲ್ಲಿ ರೋಗಿಗಳು ಊಟ ಬಿಟ್ಟದ್ದನ್ನು ಕಂಡಿದ್ದೇನೆ. ಕಾಳಿನ ಮೂಟೆಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಬಿಲಕ್ಕೆ ಹಾಕುತ್ತೇನೆಂದು ಯಾರಾದರೂ ಬಂದರೆ ಗೇಟಿನಿಂದಲೇ ಕಳಿಸಿ. ತೇವ ತಾಗಿದರೆ ಅದರಿಂದೇಳುವ ಫಾಸ್ಫೀನ್ ಅನಿಲ ಮಲಗಿದವರನ್ನು ಕೊಲ್ಲುತ್ತದೆ. ಹಿಕ್ಕೆ, ಉಚ್ಚೆ ಬಿದ್ದ ನೆಲವನ್ನು ಒಣಗಿದ್ದಾಗ ಗುಡಿಸದೆ ಬ್ಲೀಚ್ ನೀರಿನಲ್ಲಿ ತೋಯಿಸಿ, ಕೈಗವಸು ತೊಟ್ಟು ಒರೆಸಿ. ಇಲಿಜ್ವರ ನಮ್ಮ ಕರಾವಳಿಗೆ ಹೊಸದಲ್ಲ.

ಸೊಳ್ಳೆ, ನೊಣ

ಫಾಗಿಂಗ್ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಹಗಲು ಕಚ್ಚುವ ಬಿಳಿಪಟ್ಟೆಯದಾದರೆ ಮೂಲ ನಿಮ್ಮ ಆವರಣದಲ್ಲೇ ಇದೆ: ಫ್ರಿಜ್ಜಿನ ಹಿಂದಿನ ತಟ್ಟೆ, ಕರಟ, ಅಡಿಕೆ ಹಾಳೆ, ಇರುವೆ ಹತ್ತದಿರಲೆಂದು ಕಪಾಟಿನ ಕಾಲಿಗೆ ಇಟ್ಟ ನೀರಿನ ಬಟ್ಟಲು. ಚೆಲ್ಲಿದರೆ ಸಾಲದು, ಉಜ್ಜಬೇಕು. ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಬಚ್ಚಲ ಗೋಡೆಯ ಮೇಲೆ ಕೂರುವ, ಮೈತುಂಬ ರೋಮವಿರುವ ಪುಟ್ಟ ನೊಣಕ್ಕೆ ಫಿನಾಯಿಲ್ ಸುರಿಯದೆ ಪೈಪಿನೊಳಗಿನ ಲೋಳೆಯನ್ನು ಬ್ರಷ್ಷಿನಲ್ಲಿ ಕೆರೆಯಿರಿ. ಕಿಟಕಿಗೆ ಕಬ್ಬಿಣದ ಜಾಳಿಗೆ ಹಾಕಿಸಬೇಡಿ, ಉಪ್ಪುಗಾಳಿಗೆ ತುಕ್ಕು ಹಿಡಿದು ತೂತಾಗುತ್ತದೆ, ನೈಲಾನಿನದು ಸಾಕು. ಬೆನ್ನುಹುಣ್ಣಿನವರ ಕಿಟಕಿಗೆ ಇದು ಮೊದಲು ಆಗಲಿ, ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳವಾಗುತ್ತದೆ.

ಹೊಡೆಸಲೇಬೇಕಾದಾಗ

ಬಂದವರ ಹತ್ತಿರ ಔಷಧಿಯ ಮೂಲ ಡಬ್ಬಿ ಕೇಳಿ, ಲೇಬಲ್ಲಿನ ರಾಸಾಯನಿಕದ ಹೆಸರು ಬರೆದುಕೊಳ್ಳಿ. 1968ರ ಕೀಟನಾಶಕ ಕಾಯ್ದೆಯಡಿ ಅವರಿಗೆ ಲೈಸೆನ್ಸು ಇರಬೇಕು. ಹಳಬರು ಈಗಲೂ “ನುವಾನ್ ಹೊಡೀರಿ” ಎನ್ನುತ್ತಾರೆ. ಅದು ಡೈಕ್ಲೋರ್‌ವಾಸ್, 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧ. ಆರ್ಗನೋಫಾಸ್ಫೇಟ್ ಎಂಬ ಆ ಗುಂಪಿನ ವಿಷ ದೇಹದಲ್ಲಿ ತಡೆಯುವ ಕಿಣ್ವವನ್ನೇ ಮರೆವಿನ ಕಾಯಿಲೆಯ ಡೊನೆಪೆಜಿಲ್ ಮಾತ್ರೆಯೂ ತಡೆಯುತ್ತದೆ. ಅಂಥ ಮಾತ್ರೆ ನುಂಗುವವರ ಕೋಣೆಗೆ ಅದು ಹೋಗಲೇಬಾರದು. ಹೊಡೆದ ಕೋಣೆಗೆ ಲೇಬಲ್ಲಿನಲ್ಲಿ ಬರೆದಷ್ಟು ಹೊತ್ತು ಯಾರನ್ನೂ ಬಿಡಬೇಡಿ. ಹಾಸಿಗೆಗೆ ಹೊಡೆಯಲು ಒಪ್ಪಬೇಡಿ.

ಕೊನೆಯದಾಗಿ, ದೋಷ ಒಳಗೆ ಬರುವ ಬಾಗಿಲು ಹೊಸಬರ ಚೀಲ. ಕಳೆದ ತಿಂಗಳು ಘಟ್ಟದ ಮೇಲಿಂದ ಬಂದ ಅಜ್ಜಿಯೊಬ್ಬರು ತಮ್ಮ ಹಳೆಯ ಕಂಬಳಿ ತಂದಿದ್ದರು. ನಾವು ಅದರ ಅಂಚು ಬಿಡಿಸಿ ನೋಡುವಾಗ ಮಗಳ ಮುಖ ಸಣ್ಣದಾಯಿತು. ಇದು ನಿಮ್ಮ ಮನೆ ಗಲೀಜು ಎಂದಲ್ಲ, ಬಸ್ಸಿನ ಸೀಟಿನಿಂದಲೂ ಬರುತ್ತದೆ ಎಂದು ಕೂರಿಸಿ ಹೇಳಿದೆ. ಹೊಲಿಗೆಯಲ್ಲಿ ಚುಕ್ಕೆ ಇತ್ತು. ಒದ್ದೆ ಹತ್ತಿಗೆ ತುಕ್ಕು ಬಣ್ಣ ಬಂತು. ಕಂಬಳಿ ಬೇಕೇ ಬೇಕು ಎಂದು ಅಜ್ಜಿ ಅತ್ತರು. ಸ್ಟೀಮರ್ ಹಿಡಿದು ಎರಡೂ ಮಗ್ಗುಲು ನಿಧಾನ ಸಾಗಿ, ಚೀಲದಲ್ಲಿ ಕಟ್ಟಿಟ್ಟು, ಮರುದಿನ ಮತ್ತೊಮ್ಮೆ ಸ್ಟೀಮ್ ಕೊಟ್ಟು ಮೂರನೇ ಸಂಜೆ ಹೊದಿಸಿದೆವು. ಅವರ ಮಂಚದ ಕಾಲಿನ ಬಟ್ಟಲುಗಳನ್ನು ಇನ್ನೂ ತೆಗೆದಿಲ್ಲ. ಈ ಬೆಳಿಗ್ಗೆ ನೋಡಿದೆ, ಎಂಟೂ ಖಾಲಿ.